ಮಾಡಿದ ಕೈ, ಮುಗಿದ ಕೈ

(ಒಂದು ಸಂಜೆ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನಲ್ಲಿ ಬಂದ ಪುನರುಕ್ತಿಗಳನ್ನು ತೆಗೆದಿದ್ದೇನೆ, ಉಳಿದದ್ದು ಹೆಚ್ಚುಕಡಿಮೆ ಹಾಗೇ ಇದೆ.)

ಎಲ್ಲರಿಗೂ ನಮಸ್ಕಾರ.

ಒಂದು ಹಳೇ ಆಚರಣೆಯಿಂದ ಶುರು ಮಾಡುತ್ತೇನೆ. ಸುಮಾರು 2,700 ವರ್ಷಗಳ ಹಿಂದಿನದು. ಜಾಗ ಮೆಸೊಪೊಟೇಮಿಯಾ, ಅಂದರೆ ಈಗಿನ ಇರಾಕ್. ಕೆಲಸದ ಮನೆಯಲ್ಲಿ ಒಂದು ದೇವರ ಮೂರ್ತಿ ಸಿದ್ಧವಾಗಿದೆ. ಒಳಗೆ ಮರ, ಮೇಲೆ ಚಿನ್ನ, ಅಲ್ಲಲ್ಲಿ ಬೆಲೆಬಾಳುವ ಕಲ್ಲು. ಅದನ್ನು ಹೊಳೆಯ ದಂಡೆಗೆ ತರುತ್ತಾರೆ. ರಾತ್ರಿ ನಕ್ಷತ್ರಗಳ ಕೆಳಗೆ ಇಡುತ್ತಾರೆ. ಮತ್ತೆ ಮತ್ತೆ ಅದರ ಬಾಯಿ ತೊಳೆಯುತ್ತಾರೆ. ಆಮೇಲೆ ಅದನ್ನು ಮಾಡಿದವರನ್ನು ಕರೆದು ನಿಲ್ಲಿಸುತ್ತಾರೆ. ಬಡಗಿ, ಅಕ್ಕಸಾಲಿಗ, ಕಮ್ಮಾರ ಎಲ್ಲರೂ ಬರುತ್ತಾರೆ. ಅವರ ಕೈಗಳಿಗೆ ಬಟ್ಟೆ ಕಟ್ಟುತ್ತಾರೆ. ಮರದ ಕತ್ತಿ ಹಿಡಿದು ಆ ಕೈಗಳನ್ನು ಕಡಿಯುವ ಹಾಗೆ ಮಾಡುತ್ತಾರೆ. ಬರೀ ಸಂಕೇತ, ಯಾರಿಗೂ ಗಾಯವಾಗುವುದಿಲ್ಲ. ಆಗ ಒಬ್ಬೊಬ್ಬರೂ ಪ್ರಮಾಣ ಮಾಡಬೇಕು: ಇದನ್ನು ನಾನು ಮಾಡಲಿಲ್ಲ. ಮರಗೆಲಸದ ದೇವರು ಮಾಡಿದ್ದು ಅಂತ ಬಡಗಿ ಹೇಳುತ್ತಾನೆ. ಚಿನ್ನದ ಕೆಲಸದ ದೇವರು ಮಾಡಿದ್ದು ಅಂತ ಅಕ್ಕಸಾಲಿಗ ಹೇಳುತ್ತಾನೆ. ಇದೇ ಆಚರಣೆಯಲ್ಲಿ ಅವರ ಉಳಿ, ಬಾಚಿ, ಗರಗಸಗಳನ್ನು ಒಂದು ಕುರಿಯ ತೊಡೆಯೊಳಗೆ ಇಟ್ಟು, ಹೊಲಿದು, ಹೊಳೆಗೆ ಬಿಡುತ್ತಾರೆ.

ಇದನ್ನು ಮೊದಲ ಸಲ ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಸುಮ್ನೆ ಕೂತಿದ್ದೆ. ತಿಂಗಳುಗಟ್ಟಲೆ ಕೆತ್ತಿದ ಮನುಷ್ಯ ‘ನಾನು ಮಾಡಲಿಲ್ಲ’ ಅನ್ನುತ್ತಿದ್ದಾನೆ. ಅವನ ಸುತ್ತ ನಿಂತವರಿಗೆಲ್ಲ ಅವನೇ ಮಾಡಿದ್ದು ಅಂತ ಗೊತ್ತು. ಹಾಗಾದರೆ ಅದು ಸುಳ್ಳಾ? ನನಗೆ ಸುಳ್ಳು ಅಂತ ಅನಿಸಲಿಲ್ಲ. ಅದು ಬಿಟ್ಟುಕೊಡುವ ಮಾತು. ಮಗಳನ್ನು ಧಾರೆ ಎರೆದು ಕೊಡುವ ಅಪ್ಪನ ಕೈ ನೆನಪಾಯಿತು. ಬೆಳೆಸಿದವನೂ ಅವನೇ, ‘ಇನ್ನು ನಮ್ಮವಳಲ್ಲ’ ಅನ್ನುವವನೂ ಅವನೇ. ಆ ಮಾತು ನಿಜವೂ ಹೌದು, ಪೂರ್ತಿ ನಿಜವೂ ಅಲ್ಲ.

ಇವತ್ತಿನ ನನ್ನ ಮಾತೆಲ್ಲ ಈ ಕಟ್ಟಿದ ಕೈಗಳ ಸುತ್ತಲೇ ಇದೆ. ಮನುಷ್ಯ ತಾನೇ ಮಾಡಿದ ವಸ್ತುವಿಗೆ ಕೈ ಮುಗಿಯುತ್ತಾನೆ. ಮೂರ್ತಿ ಇರಬಹುದು, ಚಿತ್ರ ಇರಬಹುದು, ಪುಸ್ತಕ ಇರಬಹುದು, ಕಟ್ಟಡ ಇರಬಹುದು. ಇದನ್ನು ಮೂಢತನ ಅನ್ನುವವರು ಯಾವಾಗಲೂ ಒಂದೇ ಪ್ರಶ್ನೆ ಕೇಳುತ್ತಾರೆ: ‘ಅದನ್ನು ಮಾಡಿದ್ದೇ ನೀನು, ಅಷ್ಟೂ ಗೊತ್ತಾಗಲ್ವಾ?’ ನಾನು ಹೇಳಬೇಕು ಅಂದುಕೊಂಡಿರುವುದು ಇಷ್ಟೇ. ಗೊತ್ತಾಗುತ್ತದೆ. ಯಾವಾಗಲೂ ಗೊತ್ತಿತ್ತು. ಆ ಅರಿವನ್ನು ಏನು ಮಾಡುವುದು ಎನ್ನುವ ಒದ್ದಾಟದಿಂದಲೇ ಜಗತ್ತಿನ ಎಷ್ಟೋ ಆಚರಣೆಗಳು ಹುಟ್ಟಿವೆ.

ಮೊದಲು ಆ ಪ್ರಶ್ನೆ ಕೇಳಿದವರ ಮಾತು ಕೇಳೋಣ. ಅವರು ಸಣ್ಣವರಲ್ಲ.

ಹೀಬ್ರೂ ಬೈಬಲ್‌ನಲ್ಲಿ ಯೆಶಾಯನ ಗ್ರಂಥ ಇದೆ. ಅದರ 44ನೇ ಅಧ್ಯಾಯದಲ್ಲಿ ಒಬ್ಬ ಮನುಷ್ಯ ಕಾಡಿಗೆ ಹೋಗಿ ಮರ ಕಡಿಯುತ್ತಾನೆ. ಅರ್ಧ ಮರವನ್ನು ಒಲೆಗೆ ಹಾಕಿ ರೊಟ್ಟಿ ಸುಡುತ್ತಾನೆ, ಮಾಂಸ ಬೇಯಿಸುತ್ತಾನೆ, ಮೈ ಕಾಯಿಸಿಕೊಳ್ಳುತ್ತಾನೆ. ಉಳಿದ ಮರದಲ್ಲಿ ದೇವರನ್ನು ಕೆತ್ತಿ, ಅಡ್ಡಬಿದ್ದು, ‘ನನ್ನನ್ನು ಕಾಪಾಡು’ ಅನ್ನುತ್ತಾನೆ. ಓದಿದರೆ ಉರಿ ತಾಗುತ್ತದೆ, ಅಷ್ಟು ಚುರುಕಾದ ಮಾತು. ಆದರೆ ಗಮನಿಸಿ. ಆ ಭಾಗ ಹುಟ್ಟಿದ್ದು ಕ್ರಿಸ್ತಪೂರ್ವ 6ನೇ ಶತಮಾನದಲ್ಲಿ, ಯೆಹೂದ್ಯರು ಬ್ಯಾಬಿಲೋನಿನಲ್ಲಿ ಸೆರೆಯಾಳುಗಳಾಗಿದ್ದ ಕಾಲದಲ್ಲಿ ಅಂತ ವಿದ್ವಾಂಸರು ಹೇಳುತ್ತಾರೆ. ನಾನು ಮೊದಲು ಹೇಳಿದ ಕೈ ಕಟ್ಟುವ ಆಚರಣೆ ನಡೆಯುತ್ತಿದ್ದದ್ದೂ ಅದೇ ನಾಡಿನಲ್ಲಿ, ಹೆಚ್ಚುಕಡಿಮೆ ಅದೇ ಕಾಲದಲ್ಲಿ. ಒಂದು ಕಡೆ ‘ಇದನ್ನು ನೀನೇ ಮಾಡಿದ್ದು’ ಎನ್ನುವ ಚುಚ್ಚುಮಾತು. ಇನ್ನೊಂದು ಕಡೆ ‘ನಾನು ಮಾಡಲಿಲ್ಲ’ ಎನ್ನುವ ಪ್ರಮಾಣ. ಎರಡೂ ಒಂದೇ ಊರಿನ ಗಾಳಿಯಲ್ಲಿ ಇದ್ದವು.

ಆ ನಾಡಿನ ರಾಜರಿಗೂ ಈ ಚಿಂತೆ ಇತ್ತು. ಅಸಿರಿಯಾದ ದೊರೆ ಎಸರ್‌ಹದ್ದೋನ್ ಕ್ರಿಸ್ತಪೂರ್ವ 7ನೇ ಶತಮಾನದವನು. ಬ್ಯಾಬಿಲೋನಿನ ಮೂರ್ತಿಗಳನ್ನು ಹೊಸದು ಮಾಡಿಸುವಾಗ ಅವನು ದೇವರುಗಳನ್ನೇ ಕೇಳುತ್ತಾನೆ. ದೇವರನ್ನು ಮಾಡುವುದು ಮನುಷ್ಯರಿಗೆ ಎಟುಕುವ ಕೆಲಸವಾ? ಅದು ಯಾರ ಹಕ್ಕು? ಆಮೇಲೆ ಶಕುನ ನೋಡಿಸಿ, ಎಲ್ಲಿ ಮಾಡಬೇಕು, ಯಾರು ಮಾಡಬೇಕು ಅಂತ ತಿಳಿದುಕೊಳ್ಳುತ್ತಾನೆ. ಅದು ಅವನ ಶಾಸನದಲ್ಲಿಯೇ ಇದೆ. ಅವನು ಕೇಳಿದ ಪ್ರಶ್ನೆ ಯೆಶಾಯನ ಪ್ರಶ್ನೆಯೇ ಅಲ್ವಾ? ಕೇಳಿದ ರೀತಿ ಬೇರೆ, ಅಷ್ಟೆ.

ನಮ್ಮ 12ನೇ ಶತಮಾನದ ಬಸವಣ್ಣನವರ ಒಂದು ವಚನ ನಿಮಗೆಲ್ಲ ಬಾಯಿಗೆ ಬರುತ್ತದೆ. ಅರಗು ತಿಂದು ಕರಗುವ ದೈವ, ಉರಿಯ ಕಂಡರೆ ಮುರುಟುವ ದೈವ, ಅವಸರ ಬಂದರೆ ಮಾರುವ ದೈವ, ಅಂಜಿಕೆಯಾದರೆ ಹೂಳುವ ದೈವ, ಇವನ್ನೆಲ್ಲ ಹೇಗೆ ಸರಿ ಎನ್ನಲಿ ಅಂತ ಕೇಳುತ್ತಾರೆ. ‘ಅಂಜಿಕೆಯಾದರೆ ಹೂಳುವ’ ಎನ್ನುವ ಮಾತನ್ನು ಸ್ವಲ್ಪ ನೆನಪಿಡಿ, ಕೊನೆಗೆ ಮತ್ತೆ ಬೇಕಾಗುತ್ತದೆ. ಕಬೀರರ ಹೆಸರಿನಲ್ಲಿ ಒಂದು ದೋಹೆ ಇದೆ. ಕಲ್ಲು ಪೂಜಿಸಿದರೆ ದೇವರು ಸಿಗುವುದಾದರೆ ನಾನು ಬೆಟ್ಟವನ್ನೇ ಪೂಜಿಸುತ್ತೇನೆ, ಅದಕ್ಕಿಂತ ಬೀಸುವ ಕಲ್ಲು ಮೇಲು, ಲೋಕಕ್ಕೆ ಅನ್ನ ಹಾಕುತ್ತದೆ ಅನ್ನುತ್ತದೆ ಅದು.

ಚೀನಾದ ಝೆನ್ ಪರಂಪರೆಯಲ್ಲಿ ದಾನ್‌ಶಿಯಾ ಎನ್ನುವ ಭಿಕ್ಷುವಿನ ಕಥೆ ಇದೆ. ಅವನು 739ರಿಂದ 824ರವರೆಗೆ ಬದುಕಿದ್ದವನು. ಚಳಿಯ ರಾತ್ರಿ ಒಂದು ಮಠದಲ್ಲಿ ತಂಗಿದ್ದಾಗ ಮರದ ಬುದ್ಧನನ್ನು ತಂದು ಬೆಂಕಿಗೆ ಹಾಕಿ ಮೈ ಕಾಯಿಸಿಕೊಂಡನಂತೆ. ಮಠದವರು ಕೂಗಾಡಿದರು. ‘ಬುದ್ಧನ ಅಸ್ಥಿ ಸಿಗುತ್ತದೆಯೇನೋ ಅಂತ ಬೂದಿ ಕೆದಕುತ್ತಿದ್ದೇನೆ’ ಅಂದ. ‘ಮರದ ಬುದ್ಧನಲ್ಲಿ ಅಸ್ಥಿ ಎಲ್ಲಿಂದ ಬರಬೇಕು?’ ಅಂದರು. ‘ಹಾಗಾದರೆ ಇನ್ನೆರಡು ಕೊಡಿ’ ಅಂದ. ಯೆಶಾಯನ ಬಡಗಿ ಅರ್ಧ ಮರ ಸುಟ್ಟು ಅರ್ಧಕ್ಕೆ ಕೈ ಮುಗಿದ. ದಾನ್‌ಶಿಯಾ ಪೂರ್ತಿ ಸುಟ್ಟ. ಆದರೆ ನನಗೆ ಮುಖ್ಯ ಅನಿಸುವುದು ಬೇರೆ. ದಾನ್‌ಶಿಯಾನ ಕಥೆಯನ್ನು ಸಾವಿರ ವರ್ಷದಿಂದ ಪ್ರೀತಿಯಿಂದ ಹೇಳಿಕೊಂಡು ಬಂದವರೂ ಮರದ ಬುದ್ಧನ ಮುಂದೆ ದಿನಾ ಧೂಪ ಹಚ್ಚುವವರೇ. ಆ ಕಥೆ ಅವರಿಗೆ ಹೊರಗಿನವರ ಬೈಗುಳವಲ್ಲ. ತಮಗೆ ತಾವೇ ಕೊಟ್ಟುಕೊಂಡ ಎಚ್ಚರಿಕೆ.

ಈಗ ಕೈ ಮುಗಿಯುವವರ ಕಡೆಗೆ ಬರೋಣ.

ರಾಬರ್ಟ್ ನಾಕ್ಸ್ ಎನ್ನುವ ಇಂಗ್ಲಿಷ್ ನಾವಿಕ 1660ರಿಂದ ಸುಮಾರು 19 ವರ್ಷ ಶ್ರೀಲಂಕಾದ ಕ್ಯಾಂಡಿ ರಾಜ್ಯದಲ್ಲಿ ಸೆರೆಯಲ್ಲಿದ್ದ. ಅವನು 1681ರಲ್ಲಿ ಅಚ್ಚು ಮಾಡಿಸಿದ ಬರಹದಲ್ಲಿ ಒಂದು ಸಂಗತಿ ಇದೆ. ಮೂರ್ತಿಗೆ ಕಣ್ಣು ಬರೆಯುವವರೆಗೆ ಅದನ್ನು ಯಾರೂ ದೇವರು ಅಂತ ಎಣಿಸುವುದಿಲ್ಲ. ಬೇರೆ ಲೋಹದ ತುಂಡಿನ ಹಾಗೆಯೇ ಕೆಲಸದ ಕೋಣೆಯಲ್ಲಿ ಬಿದ್ದಿರುತ್ತದೆ. ಕಣ್ಣು ಬಂದ ಕ್ಷಣದಿಂದ ಅದು ದೇವರು. ನೋಡಿ, ಹೊರಗಿನಿಂದ ಬಂದವನಿಗೂ ಇದು ಕಂಡಿತ್ತು. ಜನ ಲೋಹವನ್ನು ದೇವರು ಅಂದುಕೊಂಡಿರಲಿಲ್ಲ. ಲೋಹ ಲೋಹವೇ ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು.

ಆ ಕಣ್ಣು ತೆರೆಸುವ ಕೆಲಸವನ್ನು ಶ್ರೀಲಂಕಾದಲ್ಲಿ ನೇತ್ರ ಮಂಗಲ್ಯ ಅನ್ನುತ್ತಾರೆ. ಚಿತ್ರಕಾರ ಮೂರ್ತಿಯ ಮುಖ ನೇರವಾಗಿ ನೋಡುವುದಿಲ್ಲ. ಬೆನ್ನು ತಿರುಗಿಸಿ, ಎದುರಿಗೆ ಕನ್ನಡಿ ಹಿಡಿಸಿಕೊಂಡು, ಹೆಗಲ ಮೇಲಿಂದ ಕುಂಚ ಚಾಚಿ ಕಣ್ಣು ಬರೆಯುತ್ತಾನೆ. ಆಮೇಲೆ ಅವನ ಕಣ್ಣಿಗೆ ಬಟ್ಟೆ ಕಟ್ಟಿ ಹೊರಗೆ ಕರೆತರುತ್ತಾರೆ. ಅವನ ಮೊದಲ ನೋಟ ಒಂದು ಮಡಕೆಯ ಮೇಲೋ ಬೇರೆ ವಸ್ತುವಿನ ಮೇಲೋ ಬೀಳಬೇಕು. ಹಾಗೆ ನೋಟ ಬಿದ್ದದ್ದನ್ನು ಒಡೆಯುತ್ತಾರೆ. ನಿನ್ನೆಯವರೆಗೆ ಆ ಮುಖವನ್ನು ಕೆರೆದು, ತಿದ್ದಿ, ಬಣ್ಣ ಹಚ್ಚಿದವನು ಇವನೇ. ಇವತ್ತು ಅದೇ ಮುಖ ಅವನಿಗೆ ನೇರವಾಗಿ ನೋಡಲಾಗದಷ್ಟು ದೊಡ್ಡದು.

ಇದರ ಇನ್ನೊಂದು ರೂಪ ಜಪಾನಿನ ನಾರಾ ನಗರದ್ದು. ನನಗೆ ತುಂಬಾ ಇಷ್ಟವಾದದ್ದು ಇದು. 752ನೇ ಇಸವಿ. ತೋದಾಯ್-ಜಿ ಮಂದಿರದ ಕಂಚಿನ ಮಹಾಬುದ್ಧನ ಕಣ್ಣು ತೆರೆಸುವ ದಿನ. ಮೂರ್ತಿಯ ಎತ್ತರ ಸುಮಾರು 15 ಮೀಟರ್. ಕಣ್ಣು ಬರೆದವನು ಭಾರತದಿಂದ ಅಲ್ಲಿಗೆ ಹೋಗಿದ್ದ ಭಿಕ್ಷು ಬೋಧಿಸೇನ. ಅವನ ಕುಂಚಕ್ಕೆ ಉದ್ದನೆಯ ಹುರಿ ಕಟ್ಟಿದ್ದರು. ಸಿಂಹಾಸನ ಬಿಟ್ಟಿದ್ದ ಚಕ್ರವರ್ತಿ ಶೋಮು ಮತ್ತು ಅಲ್ಲಿ ಸೇರಿದ್ದ ಜನ ಆ ಹುರಿ ಹಿಡಿದು ನಿಂತಿದ್ದರು. ಅಂದರೆ ಎಲ್ಲರೂ ಸೇರಿ ಬರೆದ ಕಣ್ಣು ಅದು. ಬ್ಯಾಬಿಲೋನಿನಲ್ಲಿ ಯಾರ ಕೈಯೂ ಇಲ್ಲ ಅನ್ನಿಸಿದರು. ಇಲ್ಲಿ ಎಲ್ಲರ ಕೈಯೂ ಇದೆ ಅನ್ನಿಸಿದರು. ಆ ಕುಂಚ, ಆ ಹುರಿ ಇಂದಿಗೂ ನಾರಾದ ಶೋಸೋಯಿನ್ ಭಂಡಾರದಲ್ಲಿವೆ.

ಇಲ್ಲೊಂದು ಕಹಿ ಮಾತನ್ನೂ ಹೇಳಬೇಕು. ‘ನಾನು ಮಾಡಲಿಲ್ಲ’ ಅಂತ ಪ್ರೀತಿಯಿಂದ ಬಿಟ್ಟುಕೊಡುವುದು ಬೇರೆ. ಮಾಡಿದವನನ್ನು ಬಾಗಿಲಾಚೆ ನಿಲ್ಲಿಸುವುದು ಬೇರೆ. ಕಲ್ಲು ಒಡೆದವರು, ಹೊತ್ತವರು, ಗೋಡೆ ಎತ್ತಿದವರು ಗುಡಿ ಮುಗಿದ ಮೇಲೆ ಒಳಗೆ ಬರಬಾರದು ಅಂತ ನಮ್ಮ ನಾಡುಗಳಲ್ಲಿ ಎಷ್ಟು ಶತಮಾನ ತಡೆದರು! ತಿರುವಾಂಕೂರಿನಲ್ಲಿ ಎಲ್ಲ ಹಿಂದೂಗಳಿಗೂ ದೇವಾಲಯ ಪ್ರವೇಶ ಕೊಟ್ಟ ರಾಜಾಜ್ಞೆ ಬಂದದ್ದು 1936ರ ನವೆಂಬರ್ 12ರಂದು. ತೀರಾ ಇತ್ತೀಚಿನ ಮಾತು. ವಸ್ತುವಿಗೆ ಕೊಡುವ ಗೌರವದ ಬಗ್ಗೆ ನಾನು ಎಷ್ಟು ಒಳ್ಳೆಯದು ಹೇಳಿದರೂ, ಈ ಅನ್ಯಾಯವನ್ನು ಪಕ್ಕಕ್ಕಿಟ್ಟು ಹೇಳಲಾರೆ. ಬಸವಣ್ಣನವರ ಸಿಟ್ಟು ಬರೀ ಅರಗಿನ ಮೇಲಿನದಲ್ಲ. ‘ಉಳ್ಳವರು ಶಿವಾಲಯವ ಮಾಡುವರು’ ಅಂದಾಗ, ಇಲ್ಲದವನು ಎಲ್ಲಿ ನಿಲ್ಲಬೇಕು ಎನ್ನುವ ಪ್ರಶ್ನೆ ಅದರಲ್ಲಿದೆ. ‘ದೇಹವೇ ದೇಗುಲ’ ಎನ್ನುವುದು ಅದಕ್ಕೆ ಉತ್ತರ. ಹಾಗಂತ ಶರಣರು ವಸ್ತುವನ್ನೇ ಕೈಬಿಡಲಿಲ್ಲ. ಇಷ್ಟಲಿಂಗವನ್ನು ಒಬ್ಬೊಬ್ಬರ ಅಂಗೈಗೆ ತಂದರು. ಅದೂ ಮನುಷ್ಯ ಮಾಡಿದ ವಸ್ತುವೇ. ಆದರೆ ಅದಕ್ಕೆ ಬಾಗಿಲಿಲ್ಲ, ಬಾಗಿಲು ಕಾಯುವವನೂ ಇಲ್ಲ.

ಈಗ ಸ್ವಲ್ಪ ಪದಗಳ ಕಡೆ ಹೋಗೋಣ. ನಮ್ಮ ಭಾಷೆಯಲ್ಲೇ ಒಂದು ವಿಚಿತ್ರ ಇದೆ. ‘ಕೃತ’ ಅಂದರೆ ಮಾಡಿದ್ದು. ಅದರಿಂದ ಹುಟ್ಟಿದ ‘ಕೃತಕ’ ಅಂದರೆ ನಕಲಿ. ಕಟ್ಟುವುದು ಒಳ್ಳೆಯ ಕೆಲಸ, ಆದರೆ ‘ಕಟ್ಟುಕಥೆ’ ಅಂದರೆ ಸುಳ್ಳು. ಮಾಡಿದ್ದು ಅಂದ ಕೂಡಲೇ ನಿಜವಲ್ಲ ಎನ್ನುವ ಅನುಮಾನ ಭಾಷೆಯೊಳಗೇ ಕೂತಿದೆ. ಪೋರ್ಚುಗೀಸರಲ್ಲೂ ಹೀಗೆಯೇ. ಅವರ ವ್ಯಾಪಾರಿಗಳು ಪಶ್ಚಿಮ ಆಫ್ರಿಕಾದ ಕರಾವಳಿಗೆ ಹೋದಾಗ ಅಲ್ಲಿನ ಜನ ಗೌರವಿಸುತ್ತಿದ್ದ ವಸ್ತುಗಳನ್ನು ‘ಫೆಯ್ಟಿಸೊ’ ಅಂದರು. ಅದರ ಲ್ಯಾಟಿನ್ ಮೂಲದ ಅರ್ಥ ‘ಮಾಡಿದ್ದು’ ಅಂತಲೇ. ಅದೇ ಪದ ಮುಂದೆ ‘ಫೆಟಿಶ್’ ಆಯಿತು. 1760ರಲ್ಲಿ ಶಾರ್ಲ್ ದ ಬ್ರಾಸ್ ಎನ್ನುವ ಫ್ರೆಂಚ್ ವಿದ್ವಾಂಸ ಅದನ್ನೇ ಹಿಗ್ಗಿಸಿ ‘ಫೆಟಿಶಿಸಂ’ ಅಂತ ಮಾಡಿ, ಧರ್ಮದ ಅತಿ ಕೆಳಗಿನ ಮೆಟ್ಟಿಲು ಅಂತ ಇಟ್ಟ. ಆ ವ್ಯಾಪಾರಿಗಳ ಕೊರಳಲ್ಲಿ ಶಿಲುಬೆ ಇತ್ತು, ಸಂತರ ಪದಕಗಳಿದ್ದವು. ಅವೂ ಯಾರೋ ಅಕ್ಕಸಾಲಿಗ ಮಾಡಿದ್ದೇ.

ಕಾಂಗೋ ಜನರ ‘ಎನ್ಕಿಸಿ’ಯನ್ನೇ ತೆಗೆದುಕೊಳ್ಳಿ. ಮೈತುಂಬ ಮೊಳೆ ಹೊಡೆದ ಮರದ ಆಕೃತಿಗಳನ್ನು ನೀವು ಚಿತ್ರಗಳಲ್ಲಿ ನೋಡಿರಬಹುದು. ನೋಡಿದವರಿಗೆ ಭಯವಾಗುತ್ತದೆ. ಆದರೆ ಆ ಮೊಳೆಗಳಲ್ಲಿ ಎಷ್ಟೋ ಒಂದೊಂದು ಆಣೆ, ಒಂದೊಂದು ಒಪ್ಪಂದ. ಇಬ್ಬರು ಜಗಳ ಬಗೆಹರಿಸಿಕೊಂಡು ಮಾತು ಕೊಟ್ಟಾಗ ಮೊಳೆ ಹೊಡೆಯುತ್ತಿದ್ದರು. ಮಾತು ತಪ್ಪಿದವನನ್ನು ಅದು ಹಿಡಿಯುತ್ತದೆ ಅಂತ ನಂಬಿಕೆ. ಮರ ಕೆತ್ತಿದ ಕೂಡಲೇ ಅದು ಎನ್ಕಿಸಿ ಆಗುತ್ತಿರಲಿಲ್ಲ. ‘ಎನ್ಗಾಂಗಾ’ ಎನ್ನುವ ಮಂತ್ರವೈದ್ಯ ಅದರ ಹೊಟ್ಟೆಯಲ್ಲಿ ಮಣ್ಣು, ಗಿಡಮೂಲಿಕೆಗಳ ಮದ್ದು ತುಂಬಬೇಕಿತ್ತು. ಅದಿಲ್ಲದಿದ್ದರೆ ಬರೀ ಮರ. ಅವರಿಗೂ ವ್ಯತ್ಯಾಸ ಸರಿಯಾಗಿ ಗೊತ್ತಿತ್ತು ಅಲ್ವಾ?

ಪದಗಳ ಜಗಳ ಅತಿ ಜೋರಾಗಿ ನಡೆದದ್ದು ಬೈಜಾಂಟಿಯಂ ಸಾಮ್ರಾಜ್ಯದಲ್ಲಿ, ಅಂದರೆ ಪೂರ್ವದ ಕ್ರೈಸ್ತ ರೋಮನ್ ಸಾಮ್ರಾಜ್ಯದಲ್ಲಿ. 8ನೇ ಶತಮಾನದಲ್ಲಿ ಚಕ್ರವರ್ತಿ 3ನೇ ಲಿಯೋ ಕಾಲದಲ್ಲಿ ಯೇಸುವಿನ, ಸಂತರ ಚಿತ್ರಪಟಗಳ ವಿರುದ್ಧ ಆಜ್ಞೆ ಬಂತು. ಚಿತ್ರಗಳನ್ನು ಕಿತ್ತರು, ಸುಟ್ಟರು, ಮೇಲೆ ಸುಣ್ಣ ಬಳಿದರು. ಈ ಗಲಾಟೆ ನಡುವೆ ಬಿಡುವು ಕೊಟ್ಟು 843ರವರೆಗೆ ನಡೆಯಿತು. ಚಿತ್ರಗಳ ಪರ ದೊಡ್ಡ ದನಿ ಎತ್ತಿದವನು ಡಮಾಸ್ಕಸ್‌ನ ಯೋಹಾನ. ಅವನು ಇದ್ದದ್ದು ಮುಸ್ಲಿಂ ಖಲೀಫರ ಆಡಳಿತದಲ್ಲಿ. ಕ್ರೈಸ್ತ ಚಕ್ರವರ್ತಿಯ ಕೈ ಅವನನ್ನು ಮುಟ್ಟುವಂತಿರಲಿಲ್ಲ. ಅವನ ವಾದ ಸರಳ. ನಾನು ಜಡವಸ್ತುವನ್ನು ಆರಾಧಿಸುವುದಿಲ್ಲ, ನನಗಾಗಿ ತಾನೇ ವಸ್ತುವಾಗಿ ಬಂದ ಸೃಷ್ಟಿಕರ್ತನನ್ನು ಆರಾಧಿಸುತ್ತೇನೆ. ಆದರೆ ಯಾವ ವಸ್ತುವಿನ ಮೂಲಕ ನನಗೆ ಬಿಡುಗಡೆ ಸಿಕ್ಕಿತೋ ಆ ವಸ್ತುವಿಗೆ ಗೌರವ ಕೊಡುವುದನ್ನು ನಿಲ್ಲಿಸಲಾರೆ.

787ರಲ್ಲಿ ನಿಕೇಯಾ ಎನ್ನುವ ಊರಿನಲ್ಲಿ ಸೇರಿದ ಕ್ರೈಸ್ತ ಧರ್ಮಗುರುಗಳ ಸಭೆ ಎರಡು ಗ್ರೀಕ್ ಪದಗಳನ್ನು ಬೇರೆ ಮಾಡಿತು. ‘ಲತ್ರೆಯಾ’ ಅಂದರೆ ಆರಾಧನೆ, ಅದು ದೇವರಿಗೆ ಮಾತ್ರ. ‘ಪ್ರೋಸ್ಕಿನೇಸಿಸ್’ ಅಂದರೆ ಬಾಗಿ ನಮಿಸುವುದು, ಅದನ್ನು ಚಿತ್ರಕ್ಕೂ ಮಾಡಬಹುದು. ಚಿತ್ರಕ್ಕೆ ಸಂದ ಗೌರವ ಮೂಲಕ್ಕೆ ತಲುಪುತ್ತದೆ. ಸಭೆಯ ದಾಖಲೆ ಲ್ಯಾಟಿನ್‌ಗೆ ಹೋಯಿತು. ಅನುವಾದ ಕೆಟ್ಟದಾಗಿತ್ತು. ಬಾಗಿ ನಮಿಸುವುದೂ ಆರಾಧನೆಯೇ ಎನ್ನುವ ಹಾಗೆ ಕೇಳಿಸಿತು. ಓದಿದ ಪಶ್ಚಿಮ ಯುರೋಪಿನ ಶಾರ್ಲಮೇನ್ ದೊರೆಯ ವಿದ್ವಾಂಸರು ಕೆಂಡವಾಗಿ ದೊಡ್ಡ ಖಂಡನೆಯನ್ನೇ ಬರೆದರು. ನಮಗೆ ಈ ಕಷ್ಟ ಅರ್ಥವಾಗುತ್ತದೆ. ‘ನಮಸ್ಕಾರ’ ಅಂತ ಈಗ ನಾನು ನಿಮಗೆ ಹೇಳಿದೆ. ದೇವರಿಗೂ ಅದೇ ಪದ, ಅದೇ ಜೋಡಿಸಿದ ಕೈ. ನಿಮ್ಮನ್ನು ದೇವರು ಅಂದುಕೊಂಡು ನಾನು ಹೇಳಲಿಲ್ಲ, ನೀವೂ ಹಾಗೆ ತಿಳಿಯಲಿಲ್ಲ. ಇದನ್ನು ಬೇರೆ ಭಾಷೆಯವರಿಗೆ ಬಿಡಿಸಿ ಹೇಳಲು ಹೋದರೆ ಅರ್ಧ ದಿನ ಬೇಕು.

ಇಸ್ಲಾಂನಲ್ಲಿ ಈ ಗೆರೆಯನ್ನು ಇನ್ನೂ ಖಡಕ್ಕಾಗಿ ಎಳೆದಿದ್ದಾರೆ. ಕಾಬಾದ ಮೂಲೆಯ ಕಪ್ಪು ಕಲ್ಲು ಮನುಷ್ಯ ಮಾಡಿದ್ದಲ್ಲ, ಆದರೆ ಅದನ್ನು ಹಿಡಿದಿಟ್ಟ ಬೆಳ್ಳಿ ಚೌಕಟ್ಟು, ಆ ಗೋಡೆ, ಮೇಲಿನ ಕಪ್ಪು ರೇಷ್ಮೆಯ ಹೊದಿಕೆ ಎಲ್ಲ ಮನುಷ್ಯರ ಕೆಲಸ. ಎರಡನೇ ಖಲೀಫ ಉಮರ್ ಆ ಕಲ್ಲಿಗೆ ಮುತ್ತಿಡುವಾಗ ಹೇಳಿದ ಮಾತು ಹದೀಸ್‌ನಲ್ಲಿದೆ. ನೀನು ಕಲ್ಲು ಅಂತ ನನಗೆ ಗೊತ್ತು, ನಿನ್ನಿಂದ ಕೆಡುಕೂ ಇಲ್ಲ ಒಳಿತೂ ಇಲ್ಲ, ಪ್ರವಾದಿಯವರು ನಿನಗೆ ಮುತ್ತಿಟ್ಟದ್ದನ್ನು ನೋಡಿರದಿದ್ದರೆ ನಾನು ಮುತ್ತಿಡುತ್ತಿರಲಿಲ್ಲ. ಮುತ್ತಿಡುವ ಹೊತ್ತಿನಲ್ಲೇ ಹೇಳಿದ ಮಾತು ಇದು. ಕಲ್ಲಿನ ಹತ್ತಿರ ಅವರು ಕಂಡದ್ದು ಒಬ್ಬ ಪ್ರಿಯ ವ್ಯಕ್ತಿಯ ನೆನಪನ್ನು.

ಮೂರ್ತಿ ಬೇಡ ಅಂದ ಪರಂಪರೆಗಳು ವಸ್ತುವನ್ನೂ ಬಿಟ್ಟುಬಿಟ್ಟವಾ? ಇಲ್ಲ. ಅವು ಅಕ್ಷರವನ್ನು ಹಿಡಿದವು. ಯೆಹೂದ್ಯರ ತೋರಾ ಸುರುಳಿಯನ್ನು ನೋಡಿ. ಚರ್ಮದ ಹಾಳೆಯ ಮೇಲೆ ಗರಿಯ ಲೇಖನಿಯಿಂದ 3,04,805 ಅಕ್ಷರಗಳನ್ನು ಕೈಯಲ್ಲೇ ಬರೆಯಬೇಕು. ಒಂದೇ ಒಂದು ಅಕ್ಷರ ಬಿಟ್ಟುಹೋದರೂ ಅದನ್ನು ಸರಿಪಡಿಸುವವರೆಗೆ ಸುರುಳಿ ಓದಲು ಸಲ್ಲುವುದಿಲ್ಲ. ದೇವರ ಹೆಸರು ಬರೆಯುವ ಮೊದಲು ಲಿಪಿಕಾರ ಮನಸ್ಸನ್ನು ಅದಕ್ಕೇ ಕಟ್ಟಬೇಕು. ಆ ಹೊತ್ತಿನಲ್ಲಿ ರಾಜನೇ ಬಂದು ಮಾತಾಡಿಸಿದರೂ ಉತ್ತರ ಕೊಡಬಾರದು ಅಂತ ನಿಯಮ. ಬರೆದ ಹೆಸರನ್ನು ಅಳಿಸುವ ಹಾಗಿಲ್ಲ. ಅಲ್ಲಿ ತಪ್ಪಾದರೆ ಆ ಹಾಳೆಯನ್ನೇ ತೆಗೆದು ಜೋಪಾನವಾಗಿ ಹೂಳುತ್ತಾರೆ. ಸಿದ್ಧವಾದ ಸುರುಳಿಗೆ ಬಟ್ಟೆ ತೊಡಿಸುತ್ತಾರೆ, ಬೆಳ್ಳಿ ಕಿರೀಟ ಇಡುತ್ತಾರೆ. ಹೊರತೆಗೆದಾಗ ಎಲ್ಲರೂ ಎದ್ದು ನಿಲ್ಲುತ್ತಾರೆ. ಓದುವಾಗ ಬರಿಗೈಯಿಂದ ಮುಟ್ಟುವುದಿಲ್ಲ. ತುದಿಯಲ್ಲಿ ಪುಟ್ಟ ಬೆರಳಿರುವ ಒಂದು ಕಡ್ಡಿಯಿಂದ ಸಾಲು ತೋರಿಸುತ್ತಾರೆ. ಹೀಬ್ರೂವಿನಲ್ಲಿ ಅದರ ಹೆಸರು ‘ಯಾದ್’. ಹಾಗಂದರೆ ‘ಕೈ’. ಕೈಯಿಂದ ಬರೆದದ್ದನ್ನು ಓದಲು ಇನ್ನೊಂದು ಕೈಯನ್ನೇ ಮಾಡಿಕೊಂಡಿದ್ದಾರೆ.

ಸಿಖ್ಖರ ಗುರು ಗ್ರಂಥ ಸಾಹಿಬ್ ಇನ್ನೂ ಒಂದು ಹೆಜ್ಜೆ ಮುಂದೆ. 1604ರಲ್ಲಿ ಗುರು ಅರ್ಜನ್ ದೇವ್ ಅವರು ಆದಿ ಗ್ರಂಥವನ್ನು ಅಮೃತಸರದ ಹರಿಮಂದಿರದಲ್ಲಿ ಇಟ್ಟರು. 1708ರಲ್ಲಿ ಗುರು ಗೋವಿಂದ ಸಿಂಗರು ತಮ್ಮ ನಂತರ ಗ್ರಂಥವೇ ಗುರು ಅಂದರು. ಈಗ ಅದಕ್ಕೆ 1,430 ಪುಟ. ಬೆಳಗಿನ ಜಾವ ಅದನ್ನು ತೆರೆಯುವುದಕ್ಕೆ ‘ಪ್ರಕಾಶ’ ಅನ್ನುತ್ತಾರೆ. ರಾತ್ರಿ ಮಲಗಿಸುವುದಕ್ಕೆ ‘ಸುಖಾಸನ’ ಅನ್ನುತ್ತಾರೆ. ತಲೆಯ ಮೇಲೆ ಹೊತ್ತು ತರುತ್ತಾರೆ, ಚಾಮರ ಬೀಸುತ್ತಾರೆ. ಹಳೆಯದಾದ ಪ್ರತಿಗಳಿಗೆ ಅಗ್ನಿಸಂಸ್ಕಾರ ಮಾಡುತ್ತಾರೆ. ಕಲ್ಲಿನ ಪೂಜೆಯನ್ನು ಗುರು ನಾನಕರು ಒಪ್ಪಿರಲಿಲ್ಲ. ಸಿಖ್ಖರೂ ತಾವು ಕಾಗದ ಪೂಜಿಸುತ್ತಿದ್ದೇವೆ ಅನ್ನುವುದಿಲ್ಲ. ಅವರಿಗೆ ಅಲ್ಲಿರುವುದು ಗುರುವಿನ ಮಾತು. ಆದರೂ ಆ ಮಾತು ನೆಲಕ್ಕೆ ತಾಗಬಾರದು, ಅದಕ್ಕೆ ಚಳಿಯಾಗಬಾರದು ಎನ್ನುವ ಅಕ್ಕರೆ ನೋಡಿ. ಅಕ್ಕರೆಗೆ ಹಿಡಿದುಕೊಳ್ಳಲು ಏನಾದರೂ ಬೇಕೇ ಬೇಕು.

ಮಾಡಿದ ವಸ್ತು ಹಳತಾಗುತ್ತದೆ. ಇದು ಇನ್ನೊಂದು ದೊಡ್ಡ ವಿಷಯ. ಒಡಿಶಾದ ಪುರಿಯಲ್ಲಿ ಜಗನ್ನಾಥ, ಬಲಭದ್ರ, ಸುಭದ್ರೆಯರ ಮೂರ್ತಿಗಳು ಬೇವಿನ ಮರದವು. ಎರಡು ಆಷಾಢ ಬರುವ ವರ್ಷ, ಅಂದರೆ ಸಾಮಾನ್ಯವಾಗಿ 12ರಿಂದ 19 ವರ್ಷಕ್ಕೊಮ್ಮೆ, ಹೊಸ ಮರ ಹುಡುಕಿ ಹೊಸ ಮೂರ್ತಿ ಮಾಡುತ್ತಾರೆ. ಇದು ನವಕಲೇವರ. 1996ರಲ್ಲಿ ಆಗಿತ್ತು, ಆಮೇಲೆ 2015ರಲ್ಲಿ. ಹಳೆಯ ಮೂರ್ತಿಯೊಳಗಿನ ‘ಬ್ರಹ್ಮ ಪದಾರ್ಥ’ವನ್ನು ನಡುರಾತ್ರಿ ಹೊಸದಕ್ಕೆ ಸೇರಿಸುತ್ತಾರೆ. ಆ ಕೆಲಸ ಮಾಡುವ ದೈತಾಪತಿಯ, ಅಂದರೆ ಗುಡಿಯ ವಂಶಪಾರಂಪರ್ಯ ಸೇವಕನ, ಕಣ್ಣಿಗೆ ಬಟ್ಟೆ ಕಟ್ಟಿರುತ್ತಾರೆ. ಕೈಗೂ ಬಟ್ಟೆ ಸುತ್ತಿರುತ್ತಾರೆ. ಮತ್ತೆ ಅದೇ ಬಟ್ಟೆ ಸುತ್ತಿದ ಕೈ! ಬ್ಯಾಬಿಲೋನಿಗೂ ಪುರಿಗೂ ಸಂಬಂಧ ಇದೆ ಅಂತ ನಾನು ಹೇಳುತ್ತಿಲ್ಲ. ಒಂದೇ ಕಷ್ಟ ಎದುರಾದಾಗ ಬೇರೆ ಬೇರೆ ಕಡೆಯ ಜನ ಒಂದೇ ಉಪಾಯಕ್ಕೆ ಬಂದಿದ್ದಾರೆ, ಅದು ನನ್ನ ಮನಸ್ಸು ತಟ್ಟುತ್ತದೆ. ಹಳೆಯ ಮೂರ್ತಿಗಳನ್ನು ಕೊಯಿಲಿ ವೈಕುಂಠ ಎನ್ನುವ ಜಾಗದಲ್ಲಿ ಮಣ್ಣು ಮಾಡುತ್ತಾರೆ. ದೈತಾಪತಿಗಳು ಮನೆಯಲ್ಲಿ ಹಿರಿಯರು ತೀರಿಕೊಂಡ ಹಾಗೆ ಸೂತಕ ಆಚರಿಸುತ್ತಾರೆ. ತಾವೇ ಮಾಡಿಸಿದ ಮರಕ್ಕಾಗಿ ಅಳುತ್ತಾರೆ.

ಜಪಾನಿನ ಇಸೆಯಲ್ಲಿ ಇಡೀ ದೇಗುಲವನ್ನೇ 20 ವರ್ಷಕ್ಕೊಮ್ಮೆ ಪಕ್ಕದ ಖಾಲಿ ಜಾಗದಲ್ಲಿ ಹೊಸದಾಗಿ ಕಟ್ಟುತ್ತಾರೆ. 690ರಲ್ಲಿ ಶುರುವಾದ ಪದ್ಧತಿ. ಯುದ್ಧಗಳಿಂದ ನಡುವೆ ನಿಂತದ್ದು ಬಿಟ್ಟರೆ ನಡೆದುಕೊಂಡೇ ಬಂದಿದೆ. 2013ರದ್ದು 62ನೆಯದು. ಅಲ್ಲಿ ಯಾವ ಕಂಬಕ್ಕೂ ಸಾವಿರ ವರ್ಷ ವಯಸ್ಸಾಗಿಲ್ಲ. ಆದರೆ ಕಂಬ ಕೆತ್ತುವ ಕೈಯ ಅಭ್ಯಾಸಕ್ಕೆ ಆಗಿದೆ.

ಮಾತು ಇಲ್ಲಿಗೆ ನಿಲ್ಲಿಸಿದ್ದೆ. ಆಗ ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದು ಕೇಳಿದಳು: ‘ಮೇಡಂ, ಮ್ಯೂಸಿಯಂನಲ್ಲಿ ಗಾಜಿನೊಳಗೆ ಇರುವ ಮೂರ್ತಿ ಇನ್ನೂ ದೇವರೇನಾ? ನಮ್ಮಜ್ಜಿ ಅಲ್ಲೂ ಚಪ್ಪಲಿ ಬಿಟ್ಟು ಕೈ ಮುಗಿದರು.’ ಒಳ್ಳೆಯ ಪ್ರಶ್ನೆ. ಅವಳಿಗೆ ಎರಡು ಘಟನೆ ಹೇಳಿದೆ.

ತಮಿಳುನಾಡಿನ ಪತ್ತೂರಿನಲ್ಲಿ 1976ರಲ್ಲಿ ಒಬ್ಬ ಕೂಲಿಕಾರ ಪಾಳುಬಿದ್ದ ಶಿವಾಲಯದ ಹತ್ತಿರ ನೆಲ ಅಗೆಯುವಾಗ ಕಂಚಿನ ನಟರಾಜ ಸಿಕ್ಕ. ಯಾವುದೋ ಕಾಲದಲ್ಲಿ ಯಾರೋ ಹೂತಿಟ್ಟಿದ್ದರು. ‘ಅಂಜಿಕೆಯಾದರೆ ಹೂಳುವ’ ಅಂದಿದ್ದರಲ್ಲ ಬಸವಣ್ಣನವರು, ಅದು ಇಲ್ಲಿ ಮಣ್ಣಿನಿಂದ ಎದ್ದು ಬಂತು. ಮೂರ್ತಿ ಕೈಯಿಂದ ಕೈಗೆ ಹೋಗಿ ಲಂಡನ್ ಸೇರಿತು. ಅಲ್ಲಿ ಪೊಲೀಸರು ವಶಪಡಿಸಿಕೊಂಡರು, ಮೊಕದ್ದಮೆ ನಡೆಯಿತು. ಮೂರ್ತಿ ನನ್ನದು ಅಂತ ಇಂಗ್ಲೆಂಡಿನ ನ್ಯಾಯಾಲಯದಲ್ಲಿ ಕೇಳಿದವರಲ್ಲಿ ಆ ದೇವಾಲಯವೂ ಒಂದು ಕಕ್ಷಿ. ತನ್ನ ಪ್ರತಿನಿಧಿಯ ಮೂಲಕ ಕಲ್ಲಿನ ಪಾಳು ಗುಡಿಯೇ ಹಕ್ಕು ಕೇಳಿತು, ಗೆದ್ದಿತು. 1991ರಲ್ಲಿ ಮೇಲ್ಮನವಿಯೂ ಮುಗಿದು ನಟರಾಜ ವಾಪಸ್ ಬಂದ. ಭಾರತದ ಕಾನೂನಿಗೆ ಇದು ಹೊಸದಲ್ಲ. 1925ರಲ್ಲೇ ಒಂದು ಮನೆತನದ ಜಗಳದಲ್ಲಿ, ಬ್ರಿಟಿಷರ ಕಾಲದಲ್ಲಿ ಭಾರತಕ್ಕೆ ಕೊನೆಯ ಮೇಲ್ಮನವಿ ನ್ಯಾಯಾಲಯವಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್, ದೇವರ ಮೂರ್ತಿ ಬರೀ ಎತ್ತಿಟ್ಟು ಸಾಗಿಸುವ ಸಾಮಾನಲ್ಲ, ತಾನು ಎಲ್ಲಿರಬೇಕು ಎನ್ನುವುದರಲ್ಲಿ ಅದರ ಇಚ್ಛೆಯನ್ನೂ ಗೌರವಿಸಬೇಕು ಅಂದಿತ್ತು. 2000ದಲ್ಲಿ ಸುಪ್ರೀಂ ಕೋರ್ಟ್ ಗುರು ಗ್ರಂಥ ಸಾಹಿಬನ್ನೂ ಕಾನೂನಿನ ದೃಷ್ಟಿಯಲ್ಲಿ ವ್ಯಕ್ತಿ ಅಂತ ಒಪ್ಪಿತು.

ಇನ್ನೊಂದು ಘಟನೆ ಅಮೆರಿಕದ ನ್ಯೂ ಮೆಕ್ಸಿಕೋದ ಝೂನಿ ಜನರದ್ದು. ಅವರು ಅಹಾಯುದಾ ಎನ್ನುವ ಅಣ್ಣತಮ್ಮ ದೇವರುಗಳನ್ನು ಮರದಲ್ಲಿ ಕೆತ್ತಿ ಬೆಟ್ಟದ ಮೇಲೆ ಬಯಲಿನಲ್ಲಿ ಇಡುತ್ತಾರೆ. ಹೊಸದು ಬಂದಾಗ ಹಳೆಯದನ್ನು ಅಲ್ಲೇ ಪಕ್ಕಕ್ಕೆ ಇಡುತ್ತಾರೆ. ಅದು ಗಾಳಿ ಮಳೆಗೆ ನಿಧಾನವಾಗಿ ಮಣ್ಣಾಗಬೇಕು. ಹಾಗೆ ಮಣ್ಣಾಗುತ್ತಲೇ ಅದು ಲೋಕವನ್ನು ಕಾಯುತ್ತದೆ. ಯಾರೋ ಅವನ್ನು ಎತ್ತಿಕೊಂಡು ಹೋದರು, ಮಾರಿದರು. ಮ್ಯೂಸಿಯಂನವರು ಹುಳ ಬೀಳದ ಹಾಗೆ, ತೇವ ತಾಗದ ಹಾಗೆ ಕಾಪಾಡಿದರು. ಅವರ ಪ್ರಕಾರ ಅದೇ ಗೌರವ. ಝೂನಿಗಳ ಪ್ರಕಾರ ಅದೇ ಹಿಂಸೆ, ದೇವರಿಗೆ ತನ್ನ ಕೆಲಸ ಮಾಡಲು ಬಿಡುತ್ತಿಲ್ಲ. 1978ರಿಂದ ಅವರು ಕೇಳಲು ಶುರು ಮಾಡಿದರು. 1980ರಲ್ಲಿ ಡೆನ್ವರ್ ಕಲಾ ಸಂಗ್ರಹಾಲಯ ಹಿಂದಿರುಗಿಸಿತು. ಆಮೇಲೆ ಬೇರೆ ಕಡೆಗಳಿಂದಲೂ ಹತ್ತಾರು ಮೂರ್ತಿಗಳು ಬಂದವು.

‘ಬಂದ ಮೇಲೆ ಎಲ್ಲಿಟ್ಟರು?’ ಅಂತ ಕೇಳಿದಳು ಹುಡುಗಿ.

ಬಯಲಿನಲ್ಲೇ. ಮತ್ತೆ ಕಳ್ಳತನವಾಗದ ಹಾಗೆ ಸುತ್ತ ಕಾವಲು ಮಾಡಿದ್ದಾರೆ. ಮೇಲೆ ಸೂರು ಹಾಕಿಲ್ಲ.